ಅಧಿವೇಶನ ಮುಗಿದ ಮೇಲೆ ಊರಿಗೆ ಬರಬೇಕಾದ ಲೆಕ್ಕ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನಮ್ಮನ್ನು ಆಮಂತ್ರಿಸಲು ಬಂದಾಗ ಭಾಷಣದ ವಿಷಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು. ಶಾಸನಸಭೆಯ ಅಧಿವೇಶನ ಮುಗಿದ ಮೇಲೆ ಅಲ್ಲಿ ಕುಳಿತು ಬಂದ ನಮ್ಮ ಪ್ರತಿನಿಧಿಗಳು ಮತದಾರರಿಗೆ ಏನನ್ನು ಒಪ್ಪಿಸಬೇಕು ಎಂಬುದೇ ಆ ವಿಷಯ. ನಾವು ಶಾಸನಸಭೆಯ ಸದಸ್ಯರಲ್ಲ, ಆಗುವ ಆಸೆಯೂ ಇಲ್ಲ. ಆದರೆ ಮತ ಹಾಕಿದವರು ನಾವು. ಲೆಕ್ಕ ಕೇಳುವ ಅಧಿಕಾರಕ್ಕೆ ಅಷ್ಟು ಸಾಕಷ್ಟೆ. ಅಂಗಡಿಗೆ ಕಳುಹಿಸಿದ ಹುಡುಗ ಹಿಂದಿರುಗಿದಾಗ ಸಾಮಾನು ಎಷ್ಟು, ಚಿಲ್ಲರೆ ಎಷ್ಟು ಎಂದು ಕೇಳುವ ನಾವು, ಐದು ವರ್ಷಕ್ಕೆಂದು ಕಳುಹಿಸಿದವರನ್ನು ಕೇಳಲು ಮಾತ್ರ ಸಂಕೋಚಪಡುತ್ತೇವೆ. ಅವರು ಮದುವೆಗೆ ಬಂದರೆ ಸಂತೋಷ, ಬೊಜ್ಜಕ್ಕೆ ಬಂದರೆ ಸಮಾಧಾನ. ಅದರಿಂದಾಚೆಗೆ ನಮ್ಮ ಅಪೇಕ್ಷೆ ಹೋಗುವುದಿಲ್ಲ.

ಹಿಂದಿನವರು ತಿರುವನಂತಪುರವನ್ನು ಅನಂತಶಯನವೆಂದು ಕರೆಯುತ್ತಿದ್ದರು. ಯಾತ್ರೆಗೆ ಹೋಗುವ ದೂರದ ಕ್ಷೇತ್ರವೆಂಬ ಭಾವನೆಯೇ ಆ ಹೆಸರಿನಲ್ಲಿತ್ತು. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳ ರಾಜ್ಯಕ್ಕೆ ಸೇರಿದಾಗ, ಆ ಕ್ಷೇತ್ರವು ನಮಗೆ ರಾಜಧಾನಿಯಾಯಿತು. ಅಲ್ಲಿಯ ತನಕ ಅಹವಾಲು ಹಿಡಿದು ಮಂಗಳೂರಿಗೆ ಬೆಳಗ್ಗೆ ಹೋಗಿ ಸಂಜೆಗೆ ಮನೆಗೆ ಬರುತ್ತಿದ್ದ ಜನ, ರಾತ್ರಿಯಿಡೀ ರೈಲಿನಲ್ಲಿ ಕುಳಿತು ಐನೂರೈವತ್ತು ಕಿಲೋಮೀಟರಿಗೂ ಮಿಕ್ಕಿ ತೆಂಕಕ್ಕೆ ಹೋಗಬೇಕಾಯಿತು. 2023ರಲ್ಲಿ ಕಾಸರಗೋಡಿನಿಂದ ವಂದೇ ಭಾರತ ರೈಲು ಓಡಲು ತೊಡಗಿ ಪ್ರಯಾಣದ ಗಂಟೆಗಳು ಕಡಿಮೆಯಾದವು. ಆದರೆ ಭಾಷೆಯಲ್ಲಿರುವ ದೂರವನ್ನು ರೈಲು ಕಡಿಮೆ ಮಾಡಲಾರದು. ಆದುದರಿಂದ, ಆ ಸಭೆಯಲ್ಲಿ ನಡೆದುದನ್ನು ನಮಗೆ ಅರ್ಥವಾಗುವ ಮಾತಿನಲ್ಲಿ ತಂದು ಹೇಳುವ ಒಬ್ಬ ಮನುಷ್ಯನ ಅಗತ್ಯವು ಎರ್ನಾಕುಳಂನ ಮತದಾರನಿಗಿಂತ ಮಂಜೇಶ್ವರದ ಮತದಾರನಿಗೆ ಹೆಚ್ಚು.

ಈ ಕೆಲಸಕ್ಕೆ ನಾವು ಕಳುಹಿಸಿದವರ ಪರಂಪರೆಯೇನೂ ಸಣ್ಣದಲ್ಲ. 1957ರಲ್ಲಿ ನಡೆದ ಹೊಸ ರಾಜ್ಯದ ಮೊದಲನೆಯ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶರಾಯರು ಸ್ವತಂತ್ರರಾಗಿ ನಿಂತು, ಎದುರಾಳಿಯೇ ಇಲ್ಲದೆ ಆಯ್ಕೆಯಾದರು. ಅದೇ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಮತ, 2021ರಲ್ಲಿ 745. ಒಬ್ಬರೇ ಸಾಕೆಂದು ಎಲ್ಲರೂ ಒಪ್ಪಿದ ಕಾಲವೂ, ಒಂದು ವಠಾರದ ಮತಗಳಿಂದ ಫಲ ತಿರುಗಬಹುದಾದ ಕಾಲವೂ ಒಂದೇ ಮಣ್ಣಿನಲ್ಲಿ ಬಂದುಹೋದವು. 1960ರಲ್ಲಿಯೂ 1965ರಲ್ಲಿಯೂ 1967ರಲ್ಲಿಯೂ ಕೆ. ಮಹಾಬಲ ಭಂಡಾರಿಯವರು ಆರಿಸಿ ಬಂದರು. 1965ರ ಸಭೆ ಮಾತ್ರ ಒಂದು ದಿನವೂ ಸೇರಲಿಲ್ಲ; ಗೆದ್ದವರಿಗೆ ಕುಳಿತುಕೊಳ್ಳಲು ಆಸನವೇ ದೊರೆಯಲಿಲ್ಲ. 1967ರಲ್ಲಿ ಕಾಸರಗೋಡು ಕ್ಷೇತ್ರದಿಂದಲೂ ಯು. ಪಿ. ಕುಣಿಕುಳ್ಳಾಯರು ಸ್ವತಂತ್ರರಾಗಿಯೇ ಗೆದ್ದರು. ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು ವರದಿ ಕೊಟ್ಟುದೂ ಅದೇ 1967ರಲ್ಲಿ. ಅನಂತರ ಎಂ. ರಾಮಪ್ಪನವರು, ಎ. ಸುಬ್ಬರಾಯರು ಬಂದರು, ಸುಬ್ಬರಾಯರು 1980ರಲ್ಲಿ ನೀರಾವರಿ ಮಂತ್ರಿಗಳೂ ಆದರು. ಚೆರ್ಕಳಂ ಅಬ್ದುಲ್ಲ ಅವರು 1987ರಿಂದ ನಾಲ್ಕು ಸಲ ಗೆದ್ದು ಸ್ಥಳೀಯಾಡಳಿತದ ಮಂತ್ರಿಗಳಾದರು. ಪಕ್ಷ ಬೇರೆ, ಮತ ಬೇರೆ, ಮನೆಮಾತು ಬೇರೆಯಾದರೂ ಅವರಿಗೆಲ್ಲ ನಮ್ಮ ಋಣ ಒಂದೇ ಆಗಿತ್ತು.

ಒಂದು ಅಧಿವೇಶನದಲ್ಲಿ ಆಗುವ ಅಥವಾ ಆಗದೆ ಉಳಿಯುವ ಮಾತು ಮನೆಯ ಅಂಗಳದ ತನಕ ಹೇಗೆ ಬರುತ್ತದೆಂಬುದಕ್ಕೆ ನಾವು ಒಂದು ಹಳೆಯ ಸಂಗತಿಯನ್ನು ತುಸು ವಿಸ್ತಾರವಾಗಿ ಹೇಳಬಯಸುತ್ತೇವೆ. ಇಲ್ಲಿರುವ ಅಡಿಕೆ ತೋಟದವರಿಗೂ ಗೇಣಿ ಒಕ್ಕಲಿನ ಮನೆತನದವರಿಗೂ ಇದು ತಮ್ಮ ಹಿರಿಯರ ಕಥೆಯೇ ಆಗಿದೆ.

1959ರ ಜೂನ್ ತಿಂಗಳಲ್ಲಿ ಕೇರಳ ಶಾಸನಸಭೆಯು ಕೃಷಿ ಸಂಬಂಧಗಳ ಮಸೂದೆಯನ್ನು ಅಂಗೀಕರಿಸಿತು. ಗೇಣಿದಾರನಿಗೆ ಭೂಮಿಯ ಹಕ್ಕು ಕೊಡುವುದು, ಒಬ್ಬನು ಇಟ್ಟುಕೊಳ್ಳಬಹುದಾದ ಭೂಮಿಗೆ ಮಿತಿ ಹಾಕುವುದು ಅದರ ಉದ್ದೇಶ. ಜುಲೈ 31ರಂದು ಆ ಸಭೆಯೇ ವಿಸರ್ಜನೆಯಾಯಿತು. ಮಸೂದೆ ಆಗ ರಾಷ್ಟ್ರಪತಿಗಳ ಮುಂದಿತ್ತು. 1960ರಲ್ಲಿ ಹೊಸ ಸಭೆ ಬಂದಿತು. ರಾಷ್ಟ್ರಪತಿಗಳು ಹಿಂದಕ್ಕೆ ಕಳುಹಿಸಿದ ಮಸೂದೆಯನ್ನು ತಿದ್ದುಪಡಿಗಳೊಂದಿಗೆ ಪುನಃ ಅಂಗೀಕರಿಸಿತು. 1961ರ ಜನವರಿಯಲ್ಲಿ ಅದು ಶಾಸನವಾಯಿತು. ಈಗ ಕೇಳಿರಿ. ನಮ್ಮ ಎರಡು ತಾಲೂಕುಗಳು, ಅಂದರೆ ಹೊಸದುರ್ಗ ಮತ್ತು ಕಾಸರಗೋಡು, ಮದರಾಸು ಪ್ರಾಂತದಿಂದ ಬಂದವು. ಇಲ್ಲಿಯ ಭೂಮಿ ರಯತವಾರಿ ಪಟ್ಟೆಯದು. ಮೂಲಗೇಣಿ, ಚಾಲಗೇಣಿ ಎಂಬ ನಮ್ಮ ಮಾತುಗಳು ತಿರುವಾಂಕೂರಿನ ಕಂದಾಯ ಕಚೇರಿಗೆ ಅಪರಿಚಿತ. ಅಷ್ಟೇ ಅಲ್ಲದೆ, ಆ ಶಾಸನವು ಚಹಾ, ಕಾಫಿ, ರಬ್ಬರ್ ತೋಟಗಳಿಗೆ ರಿಯಾಯಿತಿ ಕೊಟ್ಟು, ಅಡಿಕೆ ಮತ್ತು ಕರಿಮೆಣಸಿನ ತೋಟಗಳಿಗೆ ಅದನ್ನು ಕೊಡಲಿಲ್ಲ. ಘಟ್ಟದ ಮೇಲಿನ ಚಹಾ ಗಿಡಕ್ಕೆ ಇರುವ ಬೆಲೆ ನಮ್ಮ ಬೈಲಿನ ಅಡಿಕೆ ಮರಕ್ಕೆ ಇಲ್ಲದಂತಾಯಿತು.

ಈ ಎರಡು ತಾಲೂಕುಗಳ ಪಟ್ಟೆದಾರರು ದಿಲ್ಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1961ರ ಡಿಸೆಂಬರ್ 5ರಂದು ತೀರ್ಪಾಯಿತು. ಈ ತಾಲೂಕುಗಳ ರಯತವಾರಿ ಭೂಮಿಯ ಮಟ್ಟಿಗೆ ಆ ಶಾಸನ ಅಸಿಂಧುವೆಂದು ನ್ಯಾಯಾಲಯವು ಹೇಳಿತು; ಅಡಿಕೆ, ಮೆಣಸಿನ ತೋಟಗಳನ್ನು ಬೇರೆ ತೋಟಗಳಿಂದ ಭೇದಿಸಿದುದು ಸಮಾನತೆಗೆ ವಿರುದ್ಧವೆಂದೂ ಹೇಳಿತು. ತೋಟದವರು ನಿಟ್ಟುಸಿರು ಬಿಟ್ಟರು. ಆದರೆ ಅದೇ ಶಾಸನವನ್ನು ನಂಬಿ ಕುಳಿತ ಗೇಣಿದಾರನ ಮನೆಯಲ್ಲಿ ಆ ದಿನ ದೀಪ ಮಂಕಾಯಿತು. 1964ರಲ್ಲಿ ಸಂವಿಧಾನಕ್ಕೆ 17ನೆಯ ತಿದ್ದುಪಡಿ ಬಂದು ರಯತವಾರಿ ಭೂಮಿಯೂ ಅಂಥ ಶಾಸನದ ವ್ಯಾಪ್ತಿಗೆ ಸೇರಿತು; ಮುಂದೆ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ಯಾರಿಗೆ ನ್ಯಾಯವಾಯಿತು, ಯಾರಿಗೆ ಅನ್ಯಾಯವಾಯಿತು ಎಂದು ತೂಗುವುದು ಇಂದಿನ ನಮ್ಮ ಕೆಲಸವಲ್ಲ. ಎರಡು ಪಕ್ಷದ ಮೊಮ್ಮಕ್ಕಳೂ ಈ ಸಭಾಂಗಣದಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದಾರೆ. ನಾವು ಹೇಳುವುದು ಇಷ್ಟೇ: ಎರಡು ತಾಲೂಕುಗಳ ಮಣ್ಣಿನ ಸ್ವಭಾವವು ಸಭೆಯಲ್ಲಿಯೇ ತೀರ್ಮಾನವಾಗಿ ಒಂದು ಉಪವಾಕ್ಯದಲ್ಲಿ ಸೇರಿದ್ದರೆ, ಒಕ್ಕಲೂ ಒಡೆಯನೂ ಅಷ್ಟು ವರ್ಷ ಅನಿಶ್ಚಯದಲ್ಲಿ ಬದುಕಬೇಕಾಗಿರಲಿಲ್ಲ.

ಅದೇ ದಿನ ಅದೇ ಮಸೂದೆಯ ವಿಷಯದಲ್ಲಿ ನ್ಯಾಯಾಲಯವು ಇನ್ನೊಂದು ತೀರ್ಪನ್ನೂ ಕೊಟ್ಟಿತು. ಸಭೆ ಅಂಗೀಕರಿಸಿ ಅನುಮತಿಗಾಗಿ ಕಳುಹಿಸಿದ ಮಸೂದೆಯು, ಸಭೆ ವಿಸರ್ಜನೆಯಾದ ಮಾತ್ರಕ್ಕೆ ಸಾಯುವುದಿಲ್ಲವೆಂಬುದು ಅದರ ಸಾರ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಭಾಷೆಯ ಪ್ರಶ್ನೆಗೆ ಬರೋಣ. ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಸಂವಿಧಾನದ 7ನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ವಿದ್ಯಾಭ್ಯಾಸವು ಮಾತೃಭಾಷೆಯಲ್ಲಿ ದೊರೆಯುವಂತೆ ರಾಜ್ಯಗಳು ಪ್ರಯತ್ನಿಸಬೇಕೆಂಬ 350ಎ ವಿಧಿ ಆ ತಿದ್ದುಪಡಿಯಿಂದ ಬಂದುದು. ನಮ್ಮನ್ನು ಒಂದು ಕೈಯಿಂದ ಬೇರೆ ರಾಜ್ಯಕ್ಕೆ ಒಪ್ಪಿಸಿ, ಇನ್ನೊಂದು ಕೈಯಿಂದ ಒಂದು ಕೊಡೆಯನ್ನು ಕೊಟ್ಟಂತಾಯಿತು. ಕೊಡೆ ಒಳ್ಳೆಯದೇ. ಆದರೆ ‘ಮಾತೃಭಾಷೆ’ ಎಂಬ ಆ ಶಬ್ದದಲ್ಲಿಯೇ ಒಂದು ತೂತು ಉಂಟು. ಈ ಸಭೆಯಲ್ಲಿ ಮನೆಯೊಳಗೆ ಶುದ್ಧ ಕನ್ನಡ ಆಡುವವರು ಎಷ್ಟು ಮಂದಿ? ತುಳು, ಕೊಂಕಣಿ, ಮರಾಟಿ, ಬ್ಯಾರಿ, ಕರಾಡ, ಹವ್ಯಕ, ಅಷ್ಟೇಕೆ, ಮಲಯಾಳವನ್ನೇ ಮನೆಯಲ್ಲಿ ಆಡಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವವರೂ ನಮ್ಮಲ್ಲಿದ್ದಾರೆ. ಜನಗಣತಿಯವನು ಬಾಗಿಲಿಗೆ ಬಂದಾಗ ನಾವು ಸತ್ಯವನ್ನೇ ಹೇಳುತ್ತೇವೆ: ಮನೆಮಾತು ತುಳು. ಅವನ ಪಟ್ಟಿಯಲ್ಲಿ ಕನ್ನಡದ ಸಂಖ್ಯೆ ಒಂದು ಮನೆಯಷ್ಟು ಇಳಿಯುತ್ತದೆ. ಇಲ್ಲಿ ಕನ್ನಡವೆಂದರೆ ಅಡುಗೆಮನೆಯ ಮಾತಿಗಿಂತ ಹೆಚ್ಚಾಗಿ ಓದು ಬರಹದ ಮಾತು, ತಾಳಮದ್ದಳೆಯ ಮಾತು, ದಸ್ತಾವೇಜಿನ ಮಾತು. ಇದನ್ನು ತಿರುವನಂತಪುರದಲ್ಲಿ ವಿವರಿಸುವುದು ಕಷ್ಟ. ವಿವರಿಸದಿದ್ದರೆ ಲೆಕ್ಕದಲ್ಲಿಯೇ ನಾವು ಇಲ್ಲದಂತಾಗುತ್ತೇವೆ.

ಕೇರಳದ 1969ರ ಅಧಿಕೃತ ಭಾಷೆಗಳ ಶಾಸನವು, ಮುಂದೆ ಅದಕ್ಕೆ ಬಂದ ತಿದ್ದುಪಡಿಯೊಂದಿಗೆ, ಕನ್ನಡ ಮತ್ತು ತಮಿಳು ಜನರಿಗೆ ಒಂದು ಹಕ್ಕನ್ನು ಕೊಟ್ಟಿದೆ. ಸೆಕ್ರೆಟೇರಿಯಟ್ಟಿಗೂ ಇಲಾಖಾ ಮುಖ್ಯಸ್ಥರಿಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ನಾವು ನಮ್ಮ ಭಾಷೆಯಲ್ಲಿ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ‘ಬರಬೇಕು’ ಎಂಬುದು ಶಾಸನದ ಮಾತು. ಬರುವುದೇನು ಎಂಬುದಕ್ಕೆ ನಮ್ಮ ನೆರೆಮನೆಯ ಸಂಗತಿಯೊಂದನ್ನು ಹೇಳುತ್ತೇವೆ.

ಆ ಮನೆಯಲ್ಲಿ ಒಬ್ಬಳೇ ಇರುವ ವೃದ್ಧೆ, ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯ ತನಕ ಓದಿದವಳು. ತನ್ನ ಜಾಗದ ಗಡಿಯ ವಿಷಯದಲ್ಲಿ ಒಂದು ಅರ್ಜಿಯನ್ನು ಚಂದದ ಕನ್ನಡದಲ್ಲಿ ಬರೆದು ಒಂದು ಕಚೇರಿಗೆ ಕೊಟ್ಟಿದ್ದಳು. ಮೂರು ತಿಂಗಳಲ್ಲಿ ಉತ್ತರ ಬಂದಿತು, ಮಲಯಾಳದಲ್ಲಿ. ಸರಕಾರದ ಮುದ್ರೆಯಿದ್ದ ಆ ಕಾಗದವನ್ನು ಅವಳು ಭದ್ರವಾಗಿ ದೇವರ ಪೀಠದ ಕೆಳಗಿಟ್ಟಳು. ಹಬ್ಬಕ್ಕೆ ಬಂದ ಮೊಮ್ಮಗನು ಓದಿದಾಗ ತಿಳಿಯಿತು: ಇಂಥ ದಿನ ವಿಚಾರಣೆ, ತಪ್ಪದೆ ಹಾಜರಾಗತಕ್ಕದ್ದು ಎಂದಿತ್ತು, ಆ ದಿನ ಕಳೆದು ಹನ್ನೊಂದು ದಿನಗಳಾಗಿದ್ದವು. ಕಾಗದವನ್ನು ನಮ್ಮ ಮುಂದೆ ಹಿಡಿದು ಅವಳು ಕೇಳಿದುದು, ‘‘ನಾನು ಬರೆದುದು ಅವರಿಗೆ ಅರ್ಥವಾಗಿತ್ತು ಅಲ್ಲವಾ ಮಾಸ್ಟ್ರೇ? ಅರ್ಥವಾಗದಿದ್ದರೆ ವಿಚಾರಣೆಗೆ ಕರೆಯುತ್ತಿದ್ದರಾ?’’ ಎಂದು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕಚೇರಿಯವರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳಲಾರೆವು. ಕನ್ನಡ ಬರೆಯಬಲ್ಲ ಒಬ್ಬ ಗುಮಾಸ್ತ ಅಲ್ಲಿರಲಿಲ್ಲ, ಅಷ್ಟೇ. ಆದರೆ ಕನ್ನಡ ಬಲ್ಲ ಗುಮಾಸ್ತರ ಹುದ್ದೆ ಯಾವ ಕಚೇರಿಯಲ್ಲಿ ಎಷ್ಟು ಉಂಟು, ಎಷ್ಟು ಖಾಲಿ ಬಿದ್ದಿದೆ ಎಂಬ ಪ್ರಶ್ನೆಯನ್ನು ಕೇಳಲು ಶಾಸನಸಭೆಯಷ್ಟು ಯೋಗ್ಯವಾದ ಸ್ಥಳ ಬೇರೊಂದಿಲ್ಲ.

ಸಭೆಯಲ್ಲಿ ಪ್ರತಿದಿನದ ಆರಂಭವೇ ಪ್ರಶ್ನೆಗಳಿಂದ. ನಕ್ಷತ್ರ ಚಿಹ್ನೆಯ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಕೇಳಬಹುದು. ಚಿಹ್ನೆಯಿಲ್ಲದುದಕ್ಕೆ ಲಿಖಿತ ಉತ್ತರ ಬರುತ್ತದೆ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದರ ಮರ್ಮ ಬೇಗ ತಿಳಿಯಬೇಕು: ಎದುರು ಅರ್ಥಧಾರಿ ಜಾರಿಕೊಳ್ಳದಂತೆ ಪ್ರಶ್ನೆ ಹಾಕುವುದರಲ್ಲಿಯೇ ಜಾಣತನವಿರುವುದು. ‘ಕಾಸರಗೋಡಿನ ಅಭಿವೃದ್ಧಿಗೆ ಸರಕಾರ ಏನು ಮಾಡಿದೆ’ ಎಂದು ಕೇಳಿದರೆ ಎರಡು ಪುಟದ ಹೊಗಳಿಕೆ ಬರುತ್ತದೆ. ‘ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರ್ 30ರಂದು ಶಿಲಾನ್ಯಾಸವಾಯಿತು, ಇಂದು ಅಲ್ಲಿ ಮಂಜೂರಾದ ಹುದ್ದೆ ಎಷ್ಟು, ಕೆಲಸಕ್ಕೆ ಹಾಜರಿರುವವರು ಎಷ್ಟು’ ಎಂದು ಕೇಳಿದರೆ ಒಂದು ಸಂಖ್ಯೆ ಬರಲೇಬೇಕು. ಎಂಡೋಸಲ್ಫಾನ್ ಪೀಡಿತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಆಜ್ಞಾಪಿಸಿತು. ಗೇರುತೋಟಗಳ ಮೇಲೆ ಆಕಾಶದಿಂದ ವಿಷ ಸುರಿದುದರ ಫಲವನ್ನು ಉಂಡ ಮಕ್ಕಳ ತಾಯಂದಿರು ಇಲ್ಲಿಯೂ ಇದ್ದಾರೆ. ಅವರು ಇನ್ನೂ ಯಾವ ಪಟ್ಟಿಯಲ್ಲಿ, ಯಾವ ಕಾರಣದಿಂದ ಬಿಟ್ಟುಹೋಗಿದ್ದಾರೆ ಎಂಬುದು ಹೆಸರಿಲ್ಲದೆ, ಸಂಖ್ಯೆಯಿಂದಲೇ ಕೇಳಬಹುದಾದ ಪ್ರಶ್ನೆ. ಪ್ರಭಾಕರನ್ ಆಯೋಗವು ಈ ಜಿಲ್ಲೆಗೆಂದು 11,123 ಕೋಟಿ ರೂಪಾಯಿಯ ಯೋಜನೆಗಳನ್ನು ಸೂಚಿಸಿತ್ತು. ಆ ಹೊತ್ತಗೆಯ ಯಾವ ಪುಟ ಕಾರ್ಯರೂಪಕ್ಕೆ ಬಂದಿದೆ ಎಂಬುದೂ ಅಂಥದೇ.

ಮಂತ್ರಿಗಳು ಸಭೆಯಲ್ಲಿ ‘ಪರಿಶೀಲಿಸುತ್ತೇವೆ, ಮಾಡುತ್ತೇವೆ’ ಎಂದು ಮಾತು ಕೊಟ್ಟರೆ ಅದನ್ನು ಬೆನ್ನಟ್ಟುವುದಕ್ಕೆ ಸರಕಾರದ ಆಶ್ವಾಸನೆಗಳ ಸಮಿತಿ ಎಂದೊಂದಿದೆ. 1980ರಿಂದ ಕೇರಳದಲ್ಲಿ ವಿಷಯ ಸಮಿತಿಗಳಿವೆ; ದಿಲ್ಲಿಯ ಸಂಸತ್ತಿಗಿಂತ ಮೊದಲೇ ಇವರು ಆ ಪದ್ಧತಿಯನ್ನು ತಂದರೆಂಬುದು ಈ ರಾಜ್ಯಕ್ಕೆ ಗೌರವದ ಮಾತು. ಮಸೂದೆಯನ್ನು ಅಕ್ಷರ ಅಕ್ಷರವಾಗಿ ನೋಡುವುದು ಅಲ್ಲಿ. ಸಭೆಯಲ್ಲಿ ಎತ್ತರದ ಸ್ವರದಲ್ಲಿ ಮಾಡಿದ ಭಾಷಣ ಮರುದಿನದ ಪತ್ರಿಕೆಗೆ ಸಾಕು. ಸಮಿತಿಯಲ್ಲಿ ಸೇರಿಸಿದ ಒಂದು ಸಾಲು ಮೊಮ್ಮಕ್ಕಳ ತನಕ ಉಳಿಯುತ್ತದೆ. ನಮ್ಮ ಸದಸ್ಯರನ್ನು ನಾವು ಭಾಷಣಕ್ಕೆ ಹೊಗಳುತ್ತೇವೆ, ಸಾಲಿಗೆ ಹೊಗಳುವುದಿಲ್ಲ. ಇದು ನಮ್ಮದೇ ತಪ್ಪು.

ಮಲಯಾಳ ಭಾಷಾ ಮಸೂದೆಯ ಕುರಿತು ಕೇಳುವ ಆತುರ ತಮಗೆಲ್ಲ ಇದೆಯೆಂದು ಮುಖದಿಂದಲೇ ಕಾಣುತ್ತದೆ. 2015ರ ಡಿಸೆಂಬರಿನಲ್ಲಿ ಇಂಥದೊಂದು ಮಸೂದೆಯನ್ನು ಸಭೆ ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಗಳ ಅನುಮತಿ ದೊರೆಯಲಿಲ್ಲ. 2017ರಲ್ಲಿ ಎಲ್ಲ ಶಾಲೆಗಳಲ್ಲಿ ಮಲಯಾಳ ಕಲಿಕೆಯ ಶಾಸನ ಬಂದಾಗ ಕಾಸರಗೋಡಿನಲ್ಲಿ ನಾವು ಬೀದಿಗಿಳಿದು ಅಸಮ್ಮತಿ ತೋರಿದೆವು. 2025ರ ಅಕ್ಟೋಬರದಲ್ಲಿ ಸಭೆಯು ಹೊಸದಾಗಿ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. ಹತ್ತನೆಯ ತರಗತಿಯ ತನಕ ಮಲಯಾಳವು ಕಡ್ಡಾಯವಾದ ಪ್ರಥಮ ಭಾಷೆ ಎಂಬುದು ಅದರ ಮಾತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಇದನ್ನು ಆಕ್ಷೇಪಿಸಿ ಪತ್ರ ಬರೆದರು. ಕನ್ನಡ, ತಮಿಳು ಅಲ್ಪಸಂಖ್ಯಾತರ ರಕ್ಷಣೆಗೆ 7ನೆಯ ಕಲಮಿನಲ್ಲಿಯೇ ಏರ್ಪಾಡಿದೆಯೆಂದು ಆಗಿನ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು ಉತ್ತರಿಸಿದರು.

ಇಬ್ಬರು ಮುಖ್ಯಮಂತ್ರಿಗಳ ಪತ್ರಗಳನ್ನು ಪತ್ರಿಕೆಗಳಲ್ಲಿ ಓದಿ ನಾವು ಎರಡು ಪಂಗಡವಾಗಿ ಜಗಳವಾಡಿದೆವು. ಮಸೂದೆಯ 7ನೆಯ ಕಲಮನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಅದು ನಮ್ಮ ಮನೆಗಳಿಗೆ ಕನ್ನಡದಲ್ಲಿ ಬಂದಿಲ್ಲ. ಅಧಿವೇಶನ ಮುಗಿಸಿ ಬರುವ ಸದಸ್ಯರು ಬೇರೇನೂ ತಾರದಿದ್ದರೂ, ಇಂಥ ಒಂದು ಕಲಮಿನ ಕನ್ನಡ ಅನುವಾದವನ್ನು ಒಂದು ಹಾಳೆಯಲ್ಲಿ ತಂದರೆ ಅದು ನಮಗೆ ಹತ್ತು ಸೇತುವೆಗಳಿಗೆ ಸಮಾನ. ತನ್ನ ಮಗುವಿಗೆ ಪ್ರಥಮ ಭಾಷೆ ಯಾವುದು, ಪರೀಕ್ಷೆಯಲ್ಲಿ ಬರೆಯಬೇಕಾದುದು ಯಾವುದು, ಬಿಡಬಹುದಾದುದು ಯಾವುದು ಎಂದು ತಿಳಿಯದ ತಾಯಿ ಹೆದರಿಕೆಯಿಂದಲೇ ಕನ್ನಡ ಶಾಲೆಯನ್ನು ಬಿಡಿಸುತ್ತಾಳೆ. ಶಾಸನ ಜಾರಿಯಾಗುವ ಮೊದಲೇ ಹೆದರಿಕೆ ಜಾರಿಯಾಗುತ್ತದೆ. ಮತ್ತು ನೆನಪಿಡಿ ಎಂದೆವಲ್ಲ: ಸಭೆಯ ಅವಧಿ ಮುಗಿಯಿತು, ಆದುದರಿಂದ ಮಸೂದೆಯೂ ಮುಗಿಯಿತೆಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. 1961ರ ತೀರ್ಪು ಹಾಗೆ ಹೇಳುವುದಿಲ್ಲ.

ಅನುವಾದವೆಂದರೆ ಸಣ್ಣ ಕೆಲಸವಲ್ಲ. 2021ರಲ್ಲಿ ಮಂಜೇಶ್ವರದ ಎ. ಕೆ. ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು, ನಮಗೆಲ್ಲ ಅಭಿಮಾನವಾಯಿತು. ಅದೇ ದಿನ ದೇವಿಕುಳಂನ ಸದಸ್ಯರು ತಮಿಳಿನಲ್ಲಿ ಸ್ವೀಕರಿಸಿದ್ದರು. ಅವರ ಕೈಗೆ ಕೊಟ್ಟ ತಮಿಳು ಪಾಠದಲ್ಲಿ ಇರಲೇಬೇಕಾದ ಮಾತೊಂದು ಬಿಟ್ಟುಹೋಗಿತ್ತು. ಪಾಪ, ಅವರು ಕೆಲವು ದಿನಗಳ ಅನಂತರ ಪುನಃ ಪ್ರಮಾಣ ಮಾಡಬೇಕಾಯಿತು. ಇನ್ನು ಪ್ರಮಾಣ ಕನ್ನಡದಲ್ಲಾಯಿತೆಂದರೆ ಚರ್ಚೆಯೂ ಕನ್ನಡದಲ್ಲಾಗುತ್ತದೆಂದು ತಿಳಿಯಬೇಡಿ. ಸಂವಿಧಾನದ 210ನೆಯ ವಿಧಿಯಂತೆ ಸಭೆಯ ಕಾರ್ಯವು ರಾಜ್ಯದ ಅಧಿಕೃತ ಭಾಷೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಅವುಗಳಲ್ಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತ್ರ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತಾಡಲು ಅನುಮತಿ ಕೊಡಬಹುದು. ನಮ್ಮ ಸದಸ್ಯರು ಮಲಯಾಳದಲ್ಲಿ ಮಾತಾಡಿದರೆ ನಮಗೆ ಬೇಸರವಿಲ್ಲ. ಕೇಳುವವರಿಗೆ ತಿಳಿಯುವ ಭಾಷೆಯಲ್ಲಿ ನಮ್ಮ ಕಷ್ಟ ಹೇಳುವುದು ವಿವೇಕವೇ. ಅಲ್ಲಿ ಮಲಯಾಳ, ಊರಿಗೆ ಬಂದಾಗ ಕನ್ನಡ. ಈ ಎರಡನೆಯ ಅರ್ಧವೇ ಉಳಿದುಹೋಗುವುದು.

ಶಾಲೆಯ ವಿಷಯ ಹೇಳದೆ ಮುಗಿಸಲಾರೆವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದು, ತಂದೆತಾಯಿಗಳು ಶಾಲೆಯ ಬಾಗಿಲಲ್ಲಿ ನಿಂತ ಪ್ರಸಂಗಗಳು ಈ ಜಿಲ್ಲೆಯಲ್ಲಿ ಒಂದೆರಡಲ್ಲ. ಹಾಗೆ ಬಂದ ಒಬ್ಬ ತರುಣ ಅಧ್ಯಾಪಕರನ್ನು ನಾವು ಕಂಡಿದ್ದೇವೆ. ಗಣಿತವನ್ನು ಬಲ್ಲವರು, ಸಜ್ಜನರು. ಕರಿಹಲಗೆಯ ಮುಂದೆ ನಿಂತು ಬೆವರುತ್ತಿದ್ದರು. ಎದುರಿನ ಮಕ್ಕಳು ತಲೆತಗ್ಗಿಸಿ ಕುಳಿತಿದ್ದರು. ಆ ಕೋಣೆಯಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ. ತಪ್ಪು ನೇಮಕದ ನಿಯಮದಲ್ಲಿತ್ತು. ನಿಯಮ ತಿದ್ದುವ ಕೀಲಿಕೈ ಇರುವುದು ಶಾಸನಸಭೆಯಲ್ಲಿ.

ಆದರೆ ಸಂಘದ ಮಾತನ್ನೂ ಆಡಬೇಕಷ್ಟೆ. ಸದಸ್ಯರು ಅಧಿವೇಶನಕ್ಕೆ ಹೊರಡುವ ಮೊದಲು ಅವರ ಕೈಗೆ ನಾವು ಏನು ಕೊಟ್ಟಿದ್ದೇವೆ? ಹಾರ ಹಾಕಿದ್ದೇವೆ, ಮನವಿಪತ್ರ ಕೊಟ್ಟು ಛಾಯಾಚಿತ್ರ ತೆಗೆಸಿಕೊಂಡಿದ್ದೇವೆ. ‘ಕನ್ನಡಿಗರಿಗೆ ನ್ಯಾಯ ಒದಗಿಸಬೇಕು’ ಎಂಬ ಮನವಿಯಿಂದ ಯಾವ ಸದಸ್ಯನೂ ಒಂದು ಪ್ರಶ್ನೆಯನ್ನು ಬರೆಯಲಾರ. ಆ ವೃದ್ಧೆಗೆ ಬಂದ ಕಾಗದದ ತಾರೀಕು, ಕಡತದ ಸಂಖ್ಯೆ, ಅವಳು ಬರೆದ ಅರ್ಜಿಯ ಪ್ರತಿ, ಈ ಮೂರು ಇದ್ದರೆ ಬರೆಯಬಲ್ಲ.

ಆದುದರಿಂದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ಒಂದು ಏರ್ಪಾಡು ಮಾಡಿದ್ದೇವೆ. ಈ ಸಭೆ ಮುಗಿದು ಯಕ್ಷಗಾನ ತೊಡಗುವ ತನಕ ಇನ್ನೂ ಒಂದು ಗಂಟೆಯ ಸಮಯ ಉಂಟು. ಹಿಂದಿನ ಕೋಣೆಯಲ್ಲಿ ನಿವೃತ್ತ ಗುಮಾಸ್ತರಿಬ್ಬರೂ ನಮ್ಮ ಪ್ರೌಢಶಾಲೆಯ ಮೂವರು ಹುಡುಗಿಯರೂ ಮೇಜು ಹಾಕಿ ಕುಳಿತಿರುತ್ತಾರೆ. ಕನ್ನಡದಲ್ಲಿ ಬರೆದು ಬೇರೆ ಭಾಷೆಯಲ್ಲಿ ಉತ್ತರ ಪಡೆದವರು ಆ ಕಾಗದಗಳನ್ನು ತಂದಿದ್ದರೆ ತೋರಿಸಿರಿ. ತಾರದವರು ಹೆಸರು ಮತ್ತು ಕಚೇರಿಯನ್ನು ಬರೆಸಿ, ಮುಂದಿನ ಭಾನುವಾರ ಕಾಗದವನ್ನು ತಂದುಕೊಡಿರಿ. ಪ್ರತಿ ಮಾಡಿಸುವ ಖರ್ಚು ಸಂಘದ್ದು. ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ ಬೇಡ.